ದೋಣಿಯ ಹೊಗಿ, ರಬ್ಬರಿನ ತಿದಿ

ಅಮೇರಿಕಾದಿಂದ ಬಂದು ಇಪ್ಪತ್ತು ದಿನ ಆತು. ಫೋನ್ ಮಾಡಿದವರೆಲ್ಲಾ ಒಂದ ಮಾತು ಕೇಳತೀರಿ: "ಏನೇನ್ ನೋಡಿ ಬಂದ್ರಿ?" ನರಗುಂದದ ವೈನಿ ನಯಾಗರಾ ಕೇಳಿದ್ರು. ಗಜೇಂದ್ರಗಡದ ಅಕ್ಕ, "ಕೈಯಾಗ ದೀವಟಿಗಿ ಹಿಡಕೊಂಡು ನಿಂತಾಳಲ್ಲ, ಆ ದೊಡ್ಡ ಮೂರ್ತಿ ನೋಡಿದ್ಯೇನ?" ಅಂದ್ಲು. ಎರಡೂ ನೋಡಿಲ್ರಿ. ನಾವು ಹೋಗಿದ್ದು ಮಗಳ ಬಾಣಂತನಕ್ಕ. ಎಣ್ಣಿ, ನೀರು, ಕೂಸಿನ ಅರಿವಿ, ಅಂಟಿನ ಉಂಡಿ, ಇದರಾಗ ನಾಲ್ಕು ತಿಂಗಳು ಹೋದ್ವು. ಆದ್ರ ನೋಡಿದ್ದು ಒಂದು ಐತಿ. ಫೋನಿನಾಗ ಹೇಳಾಕ ಹೋದ್ರ ಅರ್ಧಕ್ಕ ನಗತೀರಿ, ಅದಕ್ಕ ಇಲ್ಲಿ ಬರೀತೀನಿ. ನಮ್ಮನಿಯವರೂ ಅಳಿಯಂದ್ರೂ ಕೂಡಿ ಮೂರು ದಿನ ದೋಣಿಯ ಹಿಂದ ಕುಂತು ರಬ್ಬರಿನ ತಿದಿ ಬದಲಿ ಮಾಡಿದ್ದು ನೋಡಿ ಬಂದೀನಿ.

ದೋಣಿ ಅಂದ್ರ ನಮ್ಮ ಕಡೆಯವರಿಗೆ ಏನು ಗೊತ್ತು? 2019ರ ಆಗಸ್ಟಿನಾಗ ಮಲಪ್ರಭಾ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆ ಊರೊಳಗ ನೀರು ಹೊಕ್ಕಾಗ ದೋಣಿಯ ಮಾತು ಕೇಳಿದ್ವಿ. ಉಳಿದ ದಿನ ನಮ್ಮದು ಎರಿ ಹೊಲದ ಸೀಮಿ. ಕೊಡ ನೀರಿಗೆ ಪಾಳಿ ಹಚ್ಚಿದವರು ನಾವು. ಹಂತಾದ್ದರಾಗ ಮಗಳು ಇರೋ ಶಾರ್ಲಟ್ ಊರಿನ ಮಗ್ಗಲಕ ಲೇಕ್ ನಾರ್ಮನ್ ಅಂತ ಒಂದು ಕೆರಿ ಐತಿ. ಕೆರಿ ಅನ್ನೋದು ಮಾತಿಗೆ. ಕಟಾಬಾ ಅನ್ನೋ ಹೊಳಿಗೆ ಅಡ್ಡ ಕಟ್ಟಿದ ಡ್ಯಾಮಿನ ಹಿನ್ನೀರು ಅದು, ನಮ್ಮ ನವಿಲುತೀರ್ಥದ್ದು ಇದ್ದಂಗ. ಕರೆಂಟ್ ಕಂಪನಿಯವರು 1959ರಾಗ ಕಟ್ಟಾಕ ಸುರು ಮಾಡಿದ್ದಂತ. ಅಲ್ಲಿಯವರು ಸೂಟಿ ಬಂತಂದ್ರ ಗಾಡಿಗೆ ದೋಣಿ ಕಟಗೊಂಡು ನೀರಿಗೆ ಇಳೀತಾರ. ನಾವು ಎತ್ತಿನ ಬಂಡಿ ಕಟಗೊಂಡು ಜಾತ್ರಿಗೆ ಹೋಗತಿದ್ವಲ್ಲ, ಹಂಗ.

ಅಳಿಯಂದ್ರು ಹೋದ ವರ್ಷ ತಮ್ಮ ದೋಸ್ತರ ಜೋಡಿ ಪಾಲಿನಾಗ ಒಂದು ಹಳೇ ದೋಣಿ ತೊಗೊಂಡಾರ. ಮಗಳಿಗೆ ಅದು ಮನಸಿಗೆ ಬಂದಿಲ್ಲ. "ಅವ್ವಾ, ಮನ್ಯಾಗ ಎರಡು ಕೂಸು. ಒಂದು ತೊಟ್ಟಿಲದಾಗ, ಒಂದು ದೋಣ್ಯಾಗ" ಅಂತ ಗಂಡನ ಮ್ಯಾಲ ಸಿಟ್ಟು ಮಾಡತಿದ್ಲು. ನಾನು ನಡುವ ಬಾಯಿ ಹಾಕಲಿಲ್ಲ. ಆರು ವರ್ಷದ ಹಿರೇ ಮೊಮ್ಮಗಗ ಮಾತ್ರ ದೋಣಿ ಅಂದ್ರ ಊಟ ಬ್ಯಾಡ, ನಿದ್ದಿ ಬ್ಯಾಡ. ಅವಗ ಕುಂದ್ರಾಕ ಬೇಕಾದ ಜಾಗ ಯಾವುದಪಾ ಅಂದ್ರ ದೋಣಿಯ ಕಟ್ಟಕಡೀಗೆ, ನೀರಿಗೆ ಹತ್ತಿ ಇರೋ ಹಲಗಿ. ಈ ಹಲಗಿ ನೆನಪಿನಾಗ ಇಟಗೋರಿ, ಮುಂದ ಬರತೈತಿ.

ಈಗ ದೋಣಿಯ ರಚನಾ ಸ್ವಲ್ಪ ಹೇಳತೀನಿ, ಇಲ್ಲಂದ್ರ ತಿದಿ ತಿಳಿಯೂದಿಲ್ಲ. ಕೆಲವು ದೋಣಿಗೆ ಇಂಜಿನ್ ಪೂರಾ ಹೊರಗ, ಹಿಂದಿನ ಗ್ವಾಡಿಗೆ ಜೋತು ಬಿದ್ದಿರತೈತಿ. ಕೆಲವಕ್ಕ ಪೂರಾ ಒಳಗ. ಇವರದು ನಡುವಿನ ಜಾತಿ, ಸ್ಟರ್ನ್‌ಡ್ರೈವ್ ಅಂತಾರ. ಇಂಜಿನ್ ಒಳಗ, ಮೋಟರ್ ಗಾಡಿಯದು ಇದ್ದಂಗ. ಅದರ ಕಾಲು ಮಾತ್ರ ಹಿಂದಿನ ಗ್ವಾಡಿ ತೂರಿ ಹೊರಗ ನೀರಾಗ ಇಳದಿರತೈತಿ. ಕಾಲಿನ ತುದೀಗೆ ಪಂಖಾ. 1959ರಾಗ ವೋಲ್ವೋ ಪೆಂಟಾ ಕಂಪನಿ ಇಂಥಾದ್ದನ್ನ ಮೊದಲ ಮಾರಾಕ ತಂತು, ಎರಡು ವರ್ಷಕ್ಕ ಮರ್ಕ್ಯುರಿಯವರು ಮರ್ಕ್ರೂಸರ್ ಅಂತ ತಮ್ಮದು ತಂದ್ರು. ಅಳಿಯಂದ್ರದು ಮರ್ಕ್ರೂಸರ್ ಆಲ್ಫಾ ವನ್.

ತ್ರಾಸ ಇರೋದು ಆ ಗ್ವಾಡಿಯ ತೂತಿನಾಗ. ಹೊರಗಿನ ಕಾಲು ಸುಮ್ಮನ ನಿಂದ್ರೂದಿಲ್ಲ. ದೋಣಿ ತಿರುಗಬೇಕಂದ್ರ ಅದು ಎಡಕ್ಕ ಬಲಕ್ಕ ಹೊರಳಬೇಕು, ನೀರು ಕಡಿಮಿ ಇದ್ದಲ್ಲಿ ಮ್ಯಾಲ ಎತ್ತಬೇಕು. ಕಬ್ಬಿಣದ ಪೈಪ್ ಹಾಕಿ ಬೆಸಗಿ ಹಾಕಿದ್ರ ಹೊರಳೂದು ಹ್ಯಾಂಗ? ಅದಕ್ಕ ಮಡಿಕಿ ಮಡಿಕಿ ಇರೋ ರಬ್ಬರಿನ ತಿದಿ ಹಾಕಿರತಾರ, ಬೆಲೋಸ್ ಅಂತ ಅದರ ಹೆಸರು. ಕಮ್ಮಾರರ ಕುಲುಮಿಯ ತಿದಿ ನೋಡಿದವರಿಗೆ, ಹಾರ್ಮೋನಿಯಂ ಪೆಟಿಗಿಯ ಹಿಂದಿನ ಮಡಿಕಿ ನೋಡಿದವರಿಗೆ ಬ್ಯಾರೆ ಹೇಳೋದು ಬ್ಯಾಡ. ಜಗ್ಗಿದ್ರ ಉದ್ದ ಆಗತೈತಿ, ಒತ್ತಿದ್ರ ಗಿಡ್ಡ ಆಗತೈತಿ, ಯಾ ಕಡೆ ಬಾಗಿಸಿದ್ರೂ ಬಾಗತೈತಿ. ಆದ್ರ ಕುಲುಮಿಯ ತಿದಿ ಗಾಳಿ ಊದತೈತಿ, ಇದು ಊದೂದಿಲ್ಲ. ಬರೇ ದಾರಿ ಕಾಯತೈತಿ.

ಇಂಥಾವು ಮೂರು ಇದ್ವು. ಮ್ಯಾಲಿಂದು ದೊಡ್ಡದು. ಇಂಜಿನ್ ಶಕ್ತಿ ಕಾಲಿಗೆ ಒಯ್ಯೋ ತಿರಗೋ ಸಲಾಕಿ ಅದರೊಳಗ ಹಾಯತೈತಿ. ಅದು ಹರೀತು ಅಂದ್ರ ನೀರು ಸೀದಾ ಬೇರಿಂಗಿಗೆ, ಅಲ್ಲಿಂದ ದೋಣಿಯ ಹೊಟ್ಟಿಗೆ. ಕಟ್ಟಿ ಬಂದ ದೋಣಿ ರಾತ್ರಿ ತಾನ ತಾನ ಮುಳಗೋದು ಹಿಂಗ. ಮಗ್ಗಲಕ ಒಂದು ಸಣ್ಣದು, ಗೇರಿನ ವಾಯರಿನ ಸಲುವಾಗಿ. ಮೂರನೇದ್ದು ಕೆಳಗಿಂದು, ಹೊಗಿದು. ಇಂಜಿನ್ ಬಿಟ್ಟ ಹೊಗಿ ಈ ತಿದಿಯೊಳಗ ಹಾದು, ಕಾಲಿನೊಳಗ ಇಳದು, ಪಂಖಾದ ನಟ್ಟನಡುವಿನ ತೂತಿನಿಂದ ನೀರಿನ ಬುಡಕ ಹೊರಗ ಬೀಳತೈತಿ. "ಇಂಜಿನ್ ಹೊಗಿ ಅಂದ್ರ ಕೆಂಡ ಇದ್ದಂಗ, ರಬ್ಬರ್ ಸುಡೂದಿಲ್ಲೇನ್ರೀ?" ಅಂತ ನಾ ಕೇಳಿದೆ. ಅಳಿಯಂದ್ರು ನಕ್ಕು, "ಚಲೋ ಕೇಳಿದ್ರಿ ಅತ್ತಿ" ಅಂದು ಹೇಳಿದ್ರು. ದೋಣಿ ಕೆರಿ ನೀರನ್ನ ಜಗ್ಗಿ ಇಂಜಿನ್ ತಣ್ಣಗ ಮಾಡತೈತಿ. ಆ ನೀರನ್ನ ಆಮ್ಯಾಲ ಹೊಗಿಯೊಳಗ ಬೆರಸಿ ಹೊರಗ ಬಿಡತೈತಿ. ಒದ್ದಿ ಹೊಗಿ ಅದು, ಅದಕ್ಕ ರಬ್ಬರ್ ತಡೀತೈತಿ. ನೀರು ಬರೋದು ನಿಂತ್ರ ಮಾತ್ರ ರಬ್ಬರ್ ಸುಟ್ಟು ಹೋಗತೈತಿ.

ಮೇ ತಿಂಗಳಾಗ ದೋಣಿ ನೀರಿಗೆ ಬಿಡೋ ಮೊದಲು ಅಳಿಯಂದ್ರು ಟಾರ್ಚ್ ಹಿಡದು ನೋಡಿದ್ರ ಹೊಗಿಯ ತಿದಿ ಬುಡಕ ಒಂದು ಗೇಣು ಸೀಳಿತ್ತು. ಅದು ಹರದ್ರ ದೋಣಿ ಮುಳಗೂದಿಲ್ಲ, ಯಾಕಂದ್ರ ಹೊಗಿಯ ದಾರಿ ಮೊದಲ ನೀರಿನೊಳಗ ಇರೋದು. ಅದಕ್ಕ ಎಷ್ಟೋ ಮಂದಿ "ನಡೀತೈತಿ ಬಿಡು" ಅಂತ ಹಂಗ ಓಡಸತಾರಂತ. ಆದ್ರ ಸೀಳಿನಿಂದ ಬಂದ ಬಿಸಿ ಹೊಗಿ ಮ್ಯಾಲಿನ ದೊಡ್ಡ ತಿದಿಗೆ ಬಡೀತೈತಿ. ದಿನಾ ಹೊಗಿ ಬಡದ್ರ ಅದೂ ಒಣಗಿ ಬಿರಿಯಾಕ ಎಷ್ಟೊತ್ತು? ಅದು ಬಿರಿದ್ರ ದೋಣಿ ಮುಳಗತೈತಿ. ಇನ್ನೊಂದು, ದೂರ ನೀರಿನ ಬುಡಕ ಹೋಗಬೇಕಾದ ಹೊಗಿ ಗ್ವಾಡಿಗೆ ಹತ್ತೇ ಮ್ಯಾಲ ಏಳತೈತಿ. ಅಲ್ಲೇ ಐತಿ ಆ ಹಲಗಿ.

ರಿಪೇರಿ ಅಂಗಡಿಯವರನ್ನ ಕೇಳಿದ್ರ ಸಾಮಾನಿನ ನಾಲ್ಕೈದು ಪಟ್ಟು ಕೂಲಿ ಹೇಳಿದ್ರು, ಅದೂ ಒಂದು ತಿಂಗಳು ತಡದು. ಆವಾಗ ನಮ್ಮನಿಯವರು ಕುರ್ಚಿ ಬಿಟ್ಟು ಎದ್ರು.

ನಮ್ಮನಿಯವರದ್ದು ನಿಮಗ ಗೊತ್ತ ಐತಿ. ರೋಣದಾಗ ಮೂವತ್ತು ವರ್ಷದ ಮ್ಯಾಲ ಪಂಪಸೆಟ್ ರಿಪೇರಿ ಮಾಡಿದವರು. ಹೊಳಿ ದಂಡಿಯ ಡೀಸಲ್ ಇಂಜಿನ್ನಿಂದ ಬೋರಿನ ಮೋಟರ್ ತನಕ ಅವರ ಕೈಯಾಗ ಬಿಚ್ಚದ್ದು ಯಾವುದೂ ಇಲ್ಲ. ಮೊಣಕಾಲು ನೋವಂತ ಅಂಗಡಿ ಮೈದುನನ ಮಗಗ ಬಿಟ್ಟುಕೊಟ್ಟ ಮ್ಯಾಲ ಸುಮ್ಮನ ಕುಂತಿದ್ರು. ಅಮೇರಿಕಾದಾಗಂತೂ ಮಾತಾಡಾಕ ಕಟ್ಟಿ ಇಲ್ಲ, ಕಟ್ಟಿ ಮ್ಯಾಲ ಕುಂದ್ರೋ ಮಂದಿ ಇಲ್ಲ. ಕಿಟಕಿ ಮುಂದ ಕುಂತು ಬಂದು ಹೋಗೋ ಗಾಡಿ ಎಣಸತಿದ್ರು. ಅಳಿಯಂದ್ರ ಜೋಡಿ ಎಂಟು ವರ್ಷದಾಗ "ಆರಾಮ್ರಿ? ಊಟ ಆತ್ರಿ?" ಇದರ ಮುಂದ ಮಾತು ಹೋಗಿರಲಿಲ್ಲ. ಇವರಿಗೆ ಕಂಪ್ಯೂಟರ್ ತಿಳಿಯೂದಿಲ್ಲ, ಅವರಿಗೆ ಪಂಪಸೆಟ್ ತಿಳಿಯೂದಿಲ್ಲ. ಅಂಥಾದ್ದರಾಗ ಇವರು ದೋಣಿಯ ಹಿಂದ ಬಗ್ಗಿ ನೋಡಿ, "ಅಳಿಯಂದ್ರ, ಇದು ನಮ್ಮ ಸಕ್ಷನ್ ಪೈಪಿನ ಜಾತೀದ ಐತಿ. ಸಾಮಾನು ತರಸ್ರಿ, ನೋಡೂಣು" ಅಂದ್ರು.

ಸಾಮಾನು ಬಂತು. ಮೂರೂ ತಿದಿ, ಸ್ಟೀಲಿನ ಹೊಸ ಪಟ್ಟಿ ಕ್ಲ್ಯಾಂಪು, ಅಂಟು, ಹೊಸ ಪಾಕಿಂಗ್. "ಒಂದ ಹರದಿದ್ರ ಮೂರ್ಯಾಕ?" ಅಂತ ಮಗಳು ಕೇಳಿದ್ಲು. ಇವರು, "ಮನಿಗೆ ಸುಣ್ಣಾ ಹಚ್ಚಾಗ ಒಂದ ಗ್ವಾಡಿಗೆ ಹಚ್ಚತೀರೇನು? ಅಷ್ಟೂ ಬಿಚ್ಚಿದ ಮ್ಯಾಲ ಹಳೇದ್ದು ತಿರಗಿ ಹಾಕಬಾರದು" ಅಂದ್ರು. ನಾನು ಕೂಸಿನ್ನ ತೊಡಿ ಮ್ಯಾಲ ಹಾಕಿಕೊಂಡು ಶೆಡ್ಡಿನ ಬಾಗಲದಾಗ ಕುಂತು ನೋಡಿದೆ.

ಮೊದಲನೇ ದಿನ ಬರೇ ಬಿಚ್ಚಿದ್ದು. ಗೇರು ಮುಂದಕ್ಕ ಹಾಕಿ, ಆರು ನಟ್ಟು ತಗದು, ಇಬ್ಬರೂ ಕೂಡಿ ಕಾಲನ್ನ ಹಿಂದ ಜಗ್ಗಿದ್ರು. ಎಮ್ಮಿ ಕರುವಿನ ತೂಕ ಇತ್ತು. ಇವರು ಮಣಿ ಮ್ಯಾಲ ಕುಂತು ಭುಜ ಕೊಟ್ರು, ಮೊಣಕಾಲಿನ ಸುದ್ದಿ ಆ ದಿನ ಬರಲಿಲ್ಲ. ಆಮ್ಯಾಲ ಒಳಗಿನ ಗಂಟಿಯಾಕಾರದ ಮನಿ ಬಿಚ್ಚೋದು. ಅದರ ಎರಡೂ ಕಡೆ ಕೀಲು, ಆ ಕೀಲಿಗೆ ಬ್ಯಾರೇನ ಪಾನಾ ಬೇಕು, ಅಳಿಯಂದ್ರು ತರಸಿದ್ರು. ಹಳೇ ತಿದಿ ಕೈಗೆ ಬಂದಾಗ ನನಗೂ ಕೊಟ್ರು. ಮ್ಯಾಲ ನೋಡಿದ್ರ ಕರ್ರಗ, ಗಟ್ಟಿ, ಏನೂ ಆಗಿಲ್ಲ ಅನಸತಿತ್ತು. ಮಡಿಕಿ ಬಿಡಸಿ ನೋಡಿದ್ರ ಕಣಿವಿಯೊಳಗೆಲ್ಲಾ ಬಿರುಕು, ಬ್ಯಾಸಗಿಯಾಗ ನಮ್ಮ ಹಿಮ್ಮಡಿ ಒಡದಂಗ. ದೊಡ್ಡ ತಿದೀದೂ ಹಂಗ ಇತ್ತು, ಇನ್ನೂ ಸೀಳಿರಲಿಲ್ಲ ಅಷ್ಟ. ಮಡಿಕಿ ಬಿಡಸದ ರಬ್ಬರಿನ ವಯಸ್ಸು ಗೊತ್ತಾಗೂದಿಲ್ಲ ಅಂತ ಇವರು ಅಂದ್ರು. ದೋಣಿ ನಿಲ್ಲಿಸಿಡೋವಾಗ ಕಾಲು ಕೆಳಗ ಇಳಿಸಿ ಇಟ್ರ ಮಡಿಕಿ ಹಗರ ಇರತಾವ, ಮ್ಯಾಲ ಎತ್ತಿ ಇಟ್ರ ಒಂದ ಕಡೆ ಜಗ್ಗಿ, ಒಂದ ಕಡೆ ಒತ್ತಿ ಬಿರೀತಾವ. ಈ ದೋಣಿ ಎಷ್ಟು ಚಳಿಗಾಲ ಕಾಲು ಎತ್ತಿ ನಿಂತಿತ್ತೋ ಯಾರಿಗೆ ಗೊತ್ತು.

ಎರಡನೇ ದಿನ ತಿಕ್ಕೋದು. ರಬ್ಬರ್ ಕುಂದ್ರೋ ಲೋಹದ ಅಂಚನ್ನ ತಂತಿ ಬ್ರಷ್ಷು, ಉಸುಕಿನ ಕಾಗದ ಹಚ್ಚಿ ತಿಕ್ಕಿದ್ದ ತಿಕ್ಕಿದ್ದು. ಹಳೇ ಅಂಟು, ಬೆಳ್ಳನ ಕಿಲುಬು ಎಲ್ಲಾ ಹೋಗಿ ನಮ್ಮ ಪೂಜಾ ಸಾಮಾನಿನಂಗ ಆಗೋ ತನಕ ಬಿಡಲಿಲ್ಲ. ಅಳಿಯಂದ್ರು, "ಸಾಕಲ್ರೀ ಮಾವಾರ, ಹೆಂಗೂ ಮುಚ್ಚಿ ಹೋಗತೈತಿ" ಅಂದ್ರು. ಇವರು, "ನೀರಿನ ಕೆಲಸಾ ಅಂದ್ರ ಎಲ್ಲಾ ಜಾಯಿಂಟಿನಾಗ. ಪೈಪ್ ಎಂದೂ ಮೋಸ ಮಾಡೂದಿಲ್ಲ, ಜಾಯಿಂಟ್ ಮಾಡತೈತಿ" ಅಂದ್ರು. ನಮ್ಮ ರೈತರಿಗೆ ಹೇಳತಿದ್ದ ಮಾತ ಅದು. ಸಕ್ಷನ್ ಪೈಪಿನಾಗ ಸಾಸವಿಯಷ್ಟು ತೂತು ಇದ್ರ ಇಂಜಿನ್ ದಿನಾ ಪೂರ್ತಿ ಓಡಿದ್ರೂ ನೀರು ಏರೂದಿಲ್ಲ, ಗಾಳಿ ಜಗ್ಗತೈತಿ. ಆ ಗಾಳಿ ಬಿಡಸಾಕ ಕೊಡಗಟ್ಟಲೆ ನೀರು ಹೊತ್ತು ಹಾಕಿದವರು ನಾವ ಹೆಣ್ಣಮಕ್ಕಳು, ಮರತೀರೇನು?

ಮೂರನೇ ದಿನ ಕೂಡಸೋದು. ದೊಡ್ಡ ತಿದೀಗೆ ಅಂಟು ಹಚ್ಚಿ, ಸ್ವಲ್ಪ ಒಣಗಗೊಟ್ಟು ಕುಂದ್ರಿಸಿದ್ರು, ಸುಸೂತ್ರ ಕುಂತಿತು. ತ್ರಾಸ ಕೊಟ್ಟಿದ್ದು ಹೊಗಿಯ ತಿದಿ. ಅದರ ಒಂದು ತುದಿ ಗ್ವಾಡಿ ಕಡೆಯ ಅಂಚಿಗೆ, ಇನ್ನೊಂದು ತುದಿ ಗಂಟಿಮನಿಯ ಅಂಚಿಗೆ. ಮೊದಲನೇದ್ದು ಆತು. ಎರಡನೇದ್ದಕ್ಕ ಕೈ ಹೋಗಾಕ ಜಾಗ ಇಲ್ಲ. ಕಣ್ಣಿಗೆ ಕಾಣಸೂದಿಲ್ಲ, ಬೆರಳಿನ ತುದೀಲೆ ಹುಡುಕಿ ಕೆಲಸ ಮಾಡಬೇಕು. ರಬ್ಬರಿನ ಬಾಯೊಳಗ ಒಂದು ಗಾಡಿ ಇರತೈತಿ, ಅದು ಲೋಹದ ತುಟಿ ಮ್ಯಾಲ ಸುತ್ತೂ ಹತ್ತಿ ಕುಂದ್ರಬೇಕು. ಮ್ಯಾಲ ಹತ್ತಿದ್ರ ಕೆಳಗ ಜಾರತಿತ್ತು, ಕೆಳಗ ಹತ್ತಿದ್ರ ಮ್ಯಾಲ. ಬಾಯಿ ಅಗಲಿಸಿ ಹಿಡಿಯಾಕ ಒಂದು ಸಾಧನ ಐತಿ, ಅದನ್ನ ದೋಸ್ತರ ಕಡಿಂದ ತಂದಿದ್ರು. ಆದ್ರೂ ಮಧ್ಯಾಹ್ನದ ತನಕ ಮೂರು ಸಲ ಜಾರಿತು. ಇಬ್ಬರ ಬೆರಳ ಸಂದಿನಾಗೂ ರಕ್ತ.

ಆವಾಗ ಅಳಿಯಂದ್ರು ಬ್ಯಾಸತ್ತು, "ಮಾವಾರ, ಇದಕ್ಕೊಂದು ಸುಲಭ ದಾರಿ ಐತಿ. ತಿದಿ ಬದಲಿ ಬರೇ ಟ್ಯೂಬ್ ಹಾಕೂಣು. ಅದನ್ನ ಒಂದ ಕಡೆ ಬಿಗದ್ರ ಮುಗೀತು, ಇನ್ನೊಂದು ತುದಿ ಸುಮ್ಮನ ಬಿಟ್ಟಿರತಾರ. ಕಂಪನಿಯವರ ಮಾರತಾರ, ಎಷ್ಟೋ ಮಂದಿ ಹಾಕ್ಯಾರ" ಅಂದ್ರು. ಅದು ಖರೇನ. ಟ್ಯೂಬೂ ಕಂಪನಿಯದ, ಕಳ್ಳ ಸಾಮಾನಲ್ಲ.

ಇವರು ಕೈ ಒರಸಿಕೋತ ಕೇಳಿದ್ರು, "ಬಿಟ್ಟ ತುದಿಯಿಂದ ಹೊಗಿ ಎಲ್ಲಿಗೆ ಹೋಗತೈತಿ?"

"ಬಹಳಷ್ಟು ಪಂಖಾದ ಕಡೀನ ಹೋಗತೈತ್ರಿ. ಸ್ವಲ್ಪ ಅಲ್ಲೇ ಸಂದಿನಿಂದ ಮ್ಯಾಲ ಬರತೈತಿ."

"ಆ ಸಂದಿನ ಮ್ಯಾಲ ಏನೈತಿ?"

ಅಳಿಯಂದ್ರು ತಲಿ ಎತ್ತಿ ನೋಡಿದ್ರು. ಹಲಗಿ ಮ್ಯಾಲ ಮೊಮ್ಮಗ ಕಾಲು ಇಳಿಬಿಟ್ಟು ಕುಂತಿದ್ದ, ಶೆಡ್ಡಿನಾಗ ನಿಂತ ದೋಣ್ಯಾಗ ಕುಂತು ಬಾಯೀಲೆ ಇಂಜಿನ್ ಓಡಸತಿದ್ದ. ಯಾರೂ ಏನೂ ಅನ್ನಲಿಲ್ಲ. ಅಳಿಯಂದ್ರು ಎದ್ದು ಒಳಗ ಹೋಗಿ ಒಂದು ಬಟ್ಟಲದಾಗ ಸಾಬೂನಿನ ನೀರು ಕಲಿಸಿಕೊಂಡು ಬಂದ್ರು. ನಾನು, "ಎಣ್ಣಿ ಹಚ್ರಿ, ಜಲ್ದಿ ಜಾರತೈತಿ" ಅಂದದ್ದಕ್ಕ ಇವರು, "ಎಣ್ಣಿ ಹಚ್ಚಿದ್ರ ಆಮ್ಯಾಲೂ ಜಾರತೈತಿ. ಸಾಬೂನು ಒಣಗಿ ಹೋಗತೈತಿ, ಬಳಿ ಇಡಸೋವಾಗ ನೋಡಿಲ್ಲೇನು" ಅಂದ್ರು. ಹಂಗ ಆತು ನೋಡ್ರಿ. ಬಳಿಗಾರ್ತಿ ಹೆಬ್ಬೆರಳಿನ ಗೆಣ್ಣು ಮಡಚಿ, ಬಳಿ ಒಂದ ಕಡೆ ಹತ್ತಿಸಿ, ಸಾವಕಾಶ ಸುತ್ತ ತಿರುವಿ ಏರಸತಾಳಲ್ಲ, ಒತ್ತಿ ದಬ್ಬೂದಿಲ್ಲ. ಇವರು ಕೆಳಗಿಂದ ಹತ್ತಿಸಿ ಹಿಡದ್ರು, ಅಳಿಯಂದ್ರು ಮ್ಯಾಲಿಂದ ತಿರುವಿದ್ರು. ಪಟ್ ಅಂತ ಕುಂತಿತು. ಸುತ್ತೂ ಬೆರಳು ಆಡಿಸಿ ಎರಡು ಸಲ ನೋಡಿದ್ರು.

ಇನ್ನ ಕ್ಲ್ಯಾಂಪು. ಇದು ಸಣ್ಣ ಮಾತಲ್ಲ. ಪಟ್ಟಿಯ ಸ್ಕ್ರೂ ಯಾವ ದಿಕ್ಕಿಗೆ ಬರಬೇಕು ಅನ್ನೋದನ್ನ ಮೊದಲ ನೋಡಿ ಇಡಬೇಕು, ಇಲ್ಲಂದ್ರ ಬಿಗಿಯಾಕ ಪಾನಾ ಮುಟ್ಟೂದಿಲ್ಲ, ಮುಂದ ಬಿಚ್ಚೋರಿಗೂ ಮುಟ್ಟೂದಿಲ್ಲ. ಸಡ್ಲ ಬಿಟ್ರ ಹೊಗಿ ಒತ್ತಿ ಕಿತ್ತು ಒಗೀತೈತಿ. ಮಿತಿ ಮೀರಿ ಬಿಗದ್ರ ಪಟ್ಟಿಯ ಅಂಚು ರಬ್ಬರನ್ನ ಕೊರೀತೈತಿ. ರಬ್ಬರ್ ಪಟ್ಟಿಯ ಎರಡೂ ಮಗ್ಗಲಕ ಸ್ವಲ್ಪ ಉಬ್ಬಿ ನಿಂತ್ರ ಸಾಕು, ಪಟ್ಟಿಯ ತೂತಿನೊಳಗ ರಬ್ಬರ್ ಹಿಂಡಿ ಬಂದ್ರ ಹೆಚ್ಚಾತು. ಕ್ಲ್ಯಾಂಪಿನ ಬುಡಕ ಸಣ್ಣದೊಂದು ಲೋಹದ ಕ್ಲಿಪ್ ಸಿಗಿಸಿದ್ರು. ನಾನು ಅದನ್ನ ಪಿನ್ನು ಅಂತ ತಿಳಕೊಂಡಿದ್ದೆ. ರಬ್ಬರ್ ನಡುವ ಬಂದದ್ದರಿಂದ ಸ್ಟೀಲಿನ ಪಟ್ಟಿಗೂ ದೋಣಿಯ ಲೋಹಕ್ಕೂ ಸಂಬಂಧ ಕಡದು ಹೋಗತೈತಿ. ಈ ಕ್ಲಿಪ್ ಎರಡನ್ನೂ ಮುಟ್ಟಿಸಿ ಹಿಡದ್ರ ಪಟ್ಟಿಯನ್ನ ನೀರು ಬ್ಯಾಗ ತಿನ್ನೂದಿಲ್ಲಂತ. ಎಷ್ಟು ಸಣ್ಣದು, ಎಷ್ಟು ಕೆಲಸ!

ಕಾಲು ತಿರಗಿ ಹಾಕೋ ಮೊದಲು ಬೇರಿಂಗ್ ಕೈಲೆ ತಿರುವಿ ನೋಡಿದ್ರು, ಉಸುಕು ಹೊಕ್ಕಂಗ ಗರ್ ಅನ್ನಲಿಲ್ಲ. ಉದ್ದನ ಸಲಾಕಿ ಒಂದನ್ನ ಒಳಗ ತೂರಿಸಿ ಇಂಜಿನ್ ನೆಟ್ಟಗ ಐತೋ ಇಲ್ಲೋ ಪರೀಕ್ಷಾ ಮಾಡಿದ್ರು. ಆಮ್ಯಾಲ ಕಾಲು ಹತ್ತಿಸಿ ಆರೂ ನಟ್ಟು ಬಿಗದ್ರು. ರಾತ್ರಿ ಊಟಕ್ಕ ಕುಂತಾಗ ಇಬ್ಬರೂ ಸಕ್ಷನ್ ಪೈಪಿನ ಮಾತು, ಫುಟ್‌ವಾಲ್ವಿನ ಮಾತು. ಮಗಳು ನನ್ನ ಕಡೆ ನೋಡಿ ಕಣ್ಣೀಲೇ ನಕ್ಕಳು. ರೊಟ್ಟಿ ಎರಡು ಹೆಚ್ಚ ಹೋದ್ವು.

ಮರುದಿನ ದೋಣಿಯನ್ನ ನೀರಿಗೆ ಇಳಿಸಿ, ಹಗ್ಗ ಬಿಡದ, ದಂಡಿಗೆ ಕಟ್ಟೇ ಅರ್ಧಾ ತಾಸು ಇಂಜಿನ್ ಓಡಿಸಿದ್ರು. ಕಾಲನ್ನ ಪೂರಾ ಎಡಕ್ಕ, ಪೂರಾ ಬಲಕ್ಕ ಹೊರಳಿಸಿ ಒಳಗಿನ ಹೊಟ್ಟಿ ಮುಟ್ಟಿ ನೋಡಿದ್ರು. ಒಣಾ ಇತ್ತು. ಒಂದು ತಾಸು ಬಿಟ್ಟು ಮತ್ತ ನೋಡಿದ್ರು. ಒಣಾ. ಆವಾಗ ಮೊಮ್ಮಗನ್ನ ಕರದು ಲೈಫ್ ಜಾಕೆಟ್ ಹಾಕಿ ಮುಂದಿನ ಕುರ್ಚೀಗೆ ಕುಂದ್ರಿಸಿದ್ರು. ಹಲಗಿ ಮ್ಯಾಲ ಅಲ್ಲ. ಇಂಜಿನ್ ಓಡತಿದ್ರ ಹಲಗಿ ಮ್ಯಾಲ ಯಾರೂ ಕುಂದ್ರಬಾರದು ಅಂತ ಅಳಿಯಂದ್ರ ಕಾಯದೆ ಮಾಡಿದ್ರು. ಯಾಕಂದ್ರ ತಿದಿ ಎಷ್ಟ ಚಲೋ ಇದ್ರೂ ಹೊಗಿ ಬರೋದು ದೋಣಿಯ ಹಿಂದಿನಿಂದನ. ದೋಣಿ ಸಾವಕಾಶ ಹೊಂಟಾಗ ಗಾಳಿ ಆ ಹೊಗಿಯನ್ನ ತಿರಗಿ ದೋಣಿಯೊಳಗ ಜಗ್ಗತೈತಿ.

ಈ ಹೊಗಿ ಬಗ್ಗೆ ಹೇಳಾಕಂತನ ಇಷ್ಟೆಲ್ಲಾ ಬರದೆ. ಪೆಟ್ರೋಲ್ ಇರಲಿ, ಇಜ್ಜಲ ಇರಲಿ, ಕಟಗಿ ಇರಲಿ, ಗಾಳಿ ಸಾಲದ ಉರದ್ರ ಕಾರ್ಬನ್ ಮೊನಾಕ್ಸೈಡ್ ಅನ್ನೋ ಗಾಳಿ ಹುಟ್ಟತೈತಿ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಸಿಲಿಂಡರಿನ ಗ್ಯಾಸಿಗೆ ಕಂಪನಿಯವರು ಬೇಕಂತನ ವಾಸನಿ ಕೂಡಿಸಿರತಾರ, ಇದಕ್ಕ ಕೂಡಸೋರು ಯಾರು? ನಮ್ಮ ರಕ್ತ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನ ಹಿಡಕೋತೈತಿ. ಮೊದಲ ತಲಿನೋವು, ಆಮ್ಯಾಲ ತಲಿ ತಿರಗೋದು, ವಾಂತಿ, ಮಂಪರು. ಬಿಸಲಿಗೆ ಆಗೇತಿ, ಪಿತ್ತ ಏರೇತಿ ಅಂತ ಮಂದಿ ಮಲಗಸತಾರ. ಮಲಗಿದವರು ಏಳೂದಿಲ್ಲ. 2000ರ ಆಗಸ್ಟಿನಾಗ ಅಮೇರಿಕಾದ ಲೇಕ್ ಪೊವೆಲ್ ಅನ್ನೋ ಜಲಾಶಯದಾಗ ಇಬ್ಬರು ಹುಡುಗರು, ಒಡಹುಟ್ಟಿದವರು, ಮನಿಯಂಥಾ ದೊಡ್ಡ ದೋಣಿಯ ಹಿಂದಿನ ಹಲಗಿಯ ಬುಡಕ ಈಜಾಕ ಹೋಗಿ, ಅಲ್ಲಿ ತುಂಬಿದ್ದ ಜನರೇಟರಿನ ಹೊಗಿಗೆ ತೀರಕೊಂಡ್ರು. ಆಮ್ಯಾಲ ಸರಕಾರದವರು ಕೂಲಂಕಷ ತನಿಖಾ ಮಾಡಿದ್ರಂತ. ಇಬ್ಬರಿಗೂ ಈಜು ಬರತಿತ್ತು. ನೀರಿಗೆ ಅಲ್ಲ, ಗಾಳಿಗೆ ಹೋದ್ರು.

ಮಗಳ ಮನ್ಯಾಗ ಮಲಗೋ ಕೋಲಿಯ ಹೊರಗ ಗ್ವಾಡಿಗೆ ಬಟ್ಟಲಾಕಾರದ್ದೊಂದು ಯಂತ್ರ ಹಚ್ಚ್ಯಾರ. ಈ ಗಾಳಿ ಬಂದ್ರ ಕೂಗತೈತಿ. ನಮ್ಮ ಮನಿಗಳಾಗ ಅದು ಇಲ್ಲ. ಆದ್ರ ಬಾಣಂತಿ ಕೋಲಿ ಇದ್ದಾವ. ಹೊರಸಿನ ಬುಡಕ ಕೆಂಡದ ಅಗ್ಗಿಷ್ಟಿಗಿ, ಎರದ ಮ್ಯಾಲ ಕೂಸಿಗೆ ಲೋಬಾನದ ಹೊಗಿ, ಗಾಳಿ ತಾಕಬಾರದಂತ ಕಿಟಕಿಗೆ ಗೋಣಿತಟ್ಟು, ಬಾಗಲಾ ಬಂದ್. ನಮ್ಮ ಅವ್ವ, ನಮ್ಮ ಅತ್ತಿ ಪ್ರೀತೀಲೇ ಮಾಡಿದ್ದು ಅದು, ನಾ ಇಲ್ಲ ಅನ್ನೂದಿಲ್ಲ. ಆ ಮನಿಗಳಿಗೆ ಬೆಳಕಿಂಡಿ ಇದ್ವು, ಹಂಚಿನ ಸಂದು ಇದ್ವು, ಹೊಗಿಗೆ ದಾರಿ ಇತ್ತು. ಈಗ ಸ್ಲ್ಯಾಬಿನ ಮನಿ, ಗಾಜಿನ ಕಿಟಕಿ. ಅಗ್ಗಿಷ್ಟಿಗಿ ಅದ, ದಾರಿ ಇಲ್ಲ. ಬಾಣಂತಿಗೆ ಬಿಸಿ ಬೇಕಂದ್ರ ಬಿಸಿನೀರಿನ ಚೀಲಾ ಕೊಡ್ರಿ, ಉಣ್ಣಿ ಅರಿವಿ ಹೊಚ್ಚರಿ. ಕೆಂಡ ಇಟಗೊಂಡು ಬಾಗಲಾ ಮುಚ್ಚಿ ಮಲಗಬ್ಯಾಡ್ರಿ. ಬಚ್ಚಲದಾಗ ಗ್ಯಾಸ್ ಗೀಝರ್ ಇದ್ದವರೂ ಅಷ್ಟ. ಬಕೀಟು ತುಂಬಿಸಿಕೊಂಡು ಗೀಝರ್ ಬಂದ್ ಮಾಡಿ, ಆಮ್ಯಾಲ ಬಾಗಲಾ ಹಾಕ್ಕೊಂಡು ಜಳಕಾ ಮಾಡ್ರಿ. ಮ್ಯಾಲಿನ ಕಿಂಡಿಗೆ ಪ್ಲಾಸ್ಟಿಕ್ ಬಡದಿದ್ರ ಇವತ್ತ ಕಿತ್ತು ಒಗೀರಿ.

ಇನ್ನ ನಮ್ಮ ಮನ್ಯಾಗಿನ ರಬ್ಬರು. ದೋಣಿ ಇಲ್ಲದಿದ್ರೂ ರಬ್ಬರ್ ಎಲ್ಲಾರ ಮನ್ಯಾಗೂ ಐತಿ, ಎಲ್ಲಾ ಹಿಂದ, ಬುಡಕ, ಕಣ್ಣಿಗೆ ಕಾಣದಲ್ಲಿ. ಊರಿಗೆ ಬಂದ ಮ್ಯಾಲ ನಮ್ಮನಿಯವರು ಟಾರ್ಚ್ ಹಿಡಕೊಂಡು ಮನಿ ತುಂಬ ತಿರಗ್ಯಾರ. ಗ್ಯಾಸಿನ ಕೇಸರಿ ಪೈಪಿನ ಮ್ಯಾಲ ತಯಾರಾದ ವರ್ಷ ಅಚ್ಚಾಗಿರತೈತಿ. 5 ವರ್ಷಕ್ಕ ಬದಲಿ ಮಾಡ್ರಿ ಅಂತ ಗ್ಯಾಸ್ ಕಂಪನಿಯವರ ಹೇಳತಾರ. ನೆಟ್ಟಗಿದ್ದಲ್ಲಿ ಅಲ್ಲ, ಬಾಗಿದ್ದಲ್ಲಿ ಬೆರಳೀಲೆ ಮಡಚಿ ನೋಡ್ರಿ, ಬಿರುಕು ಅಲ್ಲೇ ಇರತಾವ. ಸೋರತೈತಿ ಅನಸಿದ್ರ ಸಾಬೂನಿನ ನೀರು ಹಚ್ಚಿ ಗುಳ್ಳಿ ನೋಡ್ರಿ, ಕಡ್ಡಿ ಗೀರಬ್ಯಾಡ್ರಿ. ವಾಷಿಂಗ್ ಮಷೀನಿಗೆ ನೀರು ಬರೋ ಪೈಪಿನ ಎರಡೂ ತುದಿ ನೋಡ್ರಿ. ಬದಲಿ ಮಾಡಿದ ದಿನ ಶಾಬಾದಿಮಠ ಕ್ಯಾಲೆಂಡರಿನ ಆ ತಾರೀಖಿನ ಮನ್ಯಾಗ ಬರದಿಡ್ರಿ, ಹಾಲಿನ ಲೆಕ್ಕ ಬರದಂಗ. ವರ್ಷ ಮುಗದು ಕ್ಯಾಲೆಂಡರ್ ತಗಿಯೋವಾಗ ಹೊಸದರಾಗ ಇಳಿಸಿಕೋರಿ.

ಮೊನ್ನೆ ಅಳಿಯಂದ್ರು ಫೋನ್ ಮಾಡಿದ್ರು. ನಾ ಎತ್ತಿ "ಕೂಸು ಆರಾಮ?" ಅನ್ನೂದ್ರಾಗ, "ಆರಾಮ್ರಿ ಅತ್ತಿ. ಸ್ವಲ್ಪ ಮಾವಾರಿಗೆ ಕೊಡ್ರಿ, ಪಂಪಿನಾಗ ಏನೋ ಸಪ್ಪಳ ಬರಾಕತ್ತೇತಿ" ಅಂದ್ರು. ಇಬ್ಬರೂ ಮುಕ್ಕಾಲು ತಾಸು ಮಾತಾಡಿದ್ರು. ಹೊಳೆಆಲೂರಿನ ಚಿಗವ್ವ ಕುಕ್ಕರಿನ ರಬ್ಬರ್ ಎಷ್ಟು ದಿನಕ್ಕ ಬದಲಿ ಮಾಡಬೇಕು ಅಂತ ಕೇಳ್ಯಾರ, ಅದನ್ನ ಮುಂದಿನ ಸಲ ಬರೀತೀನಿ. ಅಷ್ಟರಾಗ ನಿಮ್ಮ ಗ್ಯಾಸ್ ಪೈಪಿನ ಮ್ಯಾಲ ಯಾವ ವರ್ಷ ಐತಿ ಅನ್ನೋದನ್ನ ನೋಡಿ ನನಗ ತಿಳಸ್ರಿ.